ಖಬರ್ ಕೇಳುವವರ ಸಾಲು

ನಮ್ಮ ಶಿಬಿರಕ್ಕೆ ಬರುವವರು ತಿಂಗಳಿಗೊಮ್ಮೆ ಬರುತ್ತಾರೆ, ಗುಳಿಗೆ ತೆಗೆದುಕೊಂಡು ಹೋಗುತ್ತಾರೆ. ಗುಳಿಗೆ ಮುಗಿಯುವ ಮೊದಲೇ ಬರುವವರು ಕಡಿಮೆ, ಮುಗಿದು ವಾರವಾದ ಮೇಲೆ ಬರುವವರೇ ಹೆಚ್ಚು. ಹೀಗಿರುವಾಗ ಒಬ್ಬ ಹೆಂಗಸು ಒಂದೇ ವಾರದಲ್ಲಿ ಮೂರು ಸಲ, ಅದೂ ಮೂರು ಬೇರೆ ಬೇರೆ ಊರುಗಳಲ್ಲಿ, ನಮ್ಮ ಬೆಂಚಿನ ಮೇಲೆ ಬಂದು ಕುಳಿತರು. ಸೋಮವಾರ ಆಳಂದ, ಬುಧವಾರ ಅಫಜಲಪುರ, ಶುಕ್ರವಾರ ಜೇವರ್ಗಿ. ಜನವರಿಯ ಆ ವಾರದ ನನ್ನ ದಿನಚರಿಯಲ್ಲಿ ಅವರ ಹೆಸರಿನ ಮುಂದೆ ಮೂರು ಗೀಟುಗಳಿವೆ. ಮೂರನೆಯದರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ.

ದಿನಚರಿ ಬರೆಯುವುದು ಪಿಯುಸಿಯಿಂದ ಅಂಟಿಕೊಂಡ ಅಭ್ಯಾಸ. ಎಡಕ್ಕೆ ತಾರೀಖು, ಬಲಕ್ಕೆ ಎಣಿಕೆ. ಎಂ.ಎಸ್.ಡಬ್ಲ್ಯೂ. ಮುಗಿಸಿ ಈ ಸಣ್ಣ ಸಂಸ್ಥೆಗೆ ಸೇರಿದ ಮೇಲೆ ಎಣಿಸುವುದಕ್ಕೆ ಬಹಳ ಸಿಗತೊಡಗಿತು. ಎಷ್ಟು ಜನ ಬಂದರು, ಯಾವ ಊರಿಂದ ಬಂದರು, ಎಷ್ಟು ಮಂದಿ ನಡುವೆ ಗುಳಿಗೆ ಬಿಟ್ಟಿದ್ದರು, ಬಿಟ್ಟಿದ್ದನ್ನು ಎಷ್ಟು ಮಂದಿ ಒಪ್ಪಿಕೊಂಡರು. ಕೊನೆಯ ಎರಡು ಅಂಕಿಗಳು ಒಂದಕ್ಕೊಂದು ಹೊಂದಿದ್ದನ್ನು ನಾನು ಇನ್ನೂ ನೋಡಿಲ್ಲ.

ಶಿಬಿರ ಅಂದರೆ ದೊಡ್ಡದೇನಲ್ಲ. ಮನಸ್ಸಿನ ಕಾಯಿಲೆ ಮತ್ತು ಮೂರ್ಛೆ ರೋಗ, ಎರಡಕ್ಕೂ ಉಚಿತವಾಗಿ ನೋಡುತ್ತೇವೆ. ಕಲಬುರಗಿಯಿಂದ ಬರುವ ಡಾಕ್ಟರು ಒಬ್ಬರು, ಗುಳಿಗೆ ಎಣಿಸಿ ಕೊಡುವವರು ಒಬ್ಬರು, ಹೆಸರು ಬರೆದುಕೊಂಡು ಮೊದಲ ಮಾತು ಕೇಳುವವಳು ನಾನು. ಆಳಂದದಲ್ಲಿ ನಿಂತುಹೋದ ಒಂದು ದಾಲ್ ಮಿಲ್ಲಿನ ಮುಂದಿನ ಕೋಣೆ, ಅಫಜಲಪುರದಲ್ಲಿ ಗೊಬ್ಬರದಂಗಡಿಯ ಮೇಲಿನ ಮಹಡಿ, ಜೇವರ್ಗಿಯಲ್ಲಿ ಒಂದು ಮದುವೆ ಮಂಟಪದ ಊಟದ ಹಾಲ್. ಬಾಗಿಲಿಗೆ ಕಟ್ಟುವ ಬ್ಯಾನರು ಮೂರೂ ಕಡೆ ಒಂದೇ. ಅದರಲ್ಲಿ ಮೂರೂ ಊರುಗಳ ಹೆಸರು ಮತ್ತು ವಾರಗಳನ್ನು ಕನ್ನಡದ ಕೆಳಗೆ ಉರ್ದುವಿನಲ್ಲೂ ಬರೆಸಿದ್ದೆವು.

ಆ ಹೆಂಗಸು ನನಗೆ ಅಪರಿಚಿತರೇನಲ್ಲ. ಆಳಂದದಲ್ಲಿ ನಮ್ಮ ದೊಡ್ಡವ್ವನ ಮನೆಯ ಮೇಲಿನ ಖೋಲಿಯಲ್ಲಿ ಒಂದೂವರೆ ವರ್ಷದಿಂದ ಬಾಡಿಗೆಗೆ ಇದ್ದವರು. ಅಫ್ಘಾನಿಸ್ತಾನದವರು. ಅವರ ಹಿರಿಮಗ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಓದಲು ಬಂದವನು. ಅವನು ಇಲ್ಲಿದ್ದಾಗಲೇ ಊರಲ್ಲಿ ಗುಂಡು ಅವರ ಓಣಿಗೆ ಬಂತು, ಮನೆ ಬಿತ್ತು. ತಾಯಿ ಮತ್ತು ಕಿರಿಮಗ ಊರೂರು ಅಲೆದರು, ಕೊನೆಗೆ ತಾಯಿಗೆ ಮಾತ್ರ ಇಲ್ಲಿಗೆ ಬರುವ ಕಾಗದ ಸಿಕ್ಕಿತು. ಇಷ್ಟು ನನಗೆ ಆಗ ಗೊತ್ತಿತ್ತು. ಅವರ ಊರು ಕಾಬೂಲಲ್ಲ, ಉತ್ತರದ ಇನ್ನೊಂದು ಪಟ್ಟಣ. ದೊಡ್ಡವ್ವನಿಗೆ ಅದೆಲ್ಲ ಒಂದೇ. ಅವಳು ಕರೆಯುವುದು ಕಾಬೂಲಮ್ಮ ಎಂದೇ.

ಖೋಲಿ ಕೊಡುವಾಗ ದೊಡ್ಡವ್ವ ಹಾಕಿದ ಷರತ್ತು ಒಂದೇ, ಮಾಂಸ ಬೇಯಿಸಬಾರದು. ಅವರು ಒಪ್ಪಿದರು. ಆಮೇಲೆ ದೊಡ್ಡವ್ವನಿಗೇ ಕನಿಕರ ಹುಟ್ಟಿತು.

"ಹಾಲಿಲ್ಲದ ಚಹಾ ಕುಡೀತಾಳ ಬೇ ಪಾಪ. ಹಸರ ನೀರು, ಯಾಲಕ್ಕಿ ಅಷ್ಟ. ಹಾಲಿಗೆ ರೊಕ್ಕ ಇಲ್ಲೇನೋ ಅಂತ ನಾ ದಿನಾ ಮೆಟ್ಟಿಲ ಮ್ಯಾಲ ಅರ್ಧ ಲೀಟರ್ ಇಟ್ಟು ಬರ್ತೀನಿ."

"ಅವರ ಚಹಾನೇ ಹಂಗ ದೊಡ್ಡವ್ವ. ಅವರಿಗೆ ಹಾಲು ಬ್ಯಾಡ."

"ಬ್ಯಾಡಾದ್ರ ಯಾಕ ತಗೋತಾಳ?"

ಅವರು ಆ ಹಾಲನ್ನು ಹೆಪ್ಪು ಹಾಕಿ, ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಸೋಸಿ, ಉಪ್ಪು ಬೆರೆಸಿ ಸಣ್ಣ ಉಂಡೆ ಮಾಡಿ ಛತ್ತಿನ ಮೇಲೆ ಒಣಗಿಸುತ್ತಿದ್ದರು. ಕಲ್ಲಿನಷ್ಟು ಗಟ್ಟಿಯಾದ ಮೇಲೆ ಒಂದು ಡಬ್ಬಿ ತುಂಬ ದೊಡ್ಡವ್ವನಿಗೇ ತಂದುಕೊಟ್ಟರು. ದೊಡ್ಡವ್ವ ಸಂಡಿಗೆ ಎಂದುಕೊಂಡು ಎಣ್ಣೆಯಲ್ಲಿ ಬಿಟ್ಟಳು. ಅದು ಸಿಡಿದು ಅಡುಗೆಮನೆಯ ಗೋಡೆಗೆಲ್ಲ ಹಾರಿತು. ಇಬ್ಬರೂ ಬಟ್ಟೆ ಹಿಡಿದು ಗೋಡೆ ಒರೆಸುತ್ತ ನಕ್ಕಿದ್ದನ್ನು ದೊಡ್ಡವ್ವ ನನಗೆ ಎರಡು ಸಲ ಹೇಳಿದ್ದಾಳೆ. ಇಬ್ಬರಿಗೂ ಮಾತಿನ ಬಂಡವಾಳ ಕಡಿಮೆ. ಅವರ ದರಿ ಭಾಷೆ, ಅವರಿಗೆ ಬರುವ ನಾಲ್ಕು ಹಿಂದಿ ಮಾತು, ದೊಡ್ಡವ್ವನ ಆಳಂದದ ಕನ್ನಡ, ಅವಳಿಗೆ ಬರುವ ನಾಲ್ಕು ಉರ್ದು ಮಾತು. ದವಾಖಾನಿ, ದರವಾಜ, ಪ್ಯಾಲಿ, ಜಮೀನು ಎಂಬಂಥ ಪದಗಳು ಎರಡು ಕಡೆಯೂ ಇದ್ದುದರಿಂದ ಕೆಲಸ ನಡೆಯುತ್ತಿತ್ತು. ನಡೆಯುತ್ತಿದೆ ಎಂದು ನಾವೆಲ್ಲ ತಿಳಿದಿದ್ದೆವು.

ಜನವರಿಯ ಎರಡನೇ ಭಾನುವಾರ ನಮ್ಮೂರು ಮಾದನಹಿಪ್ಪರಗಾದಿಂದ ನಾನು ಆಳಂದಕ್ಕೆ ಬಂದಾಗ ದೊಡ್ಡವ್ವ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಹಿರಿಮಗ ವೀಸಾದ ಕೆಲಸಕ್ಕೆ ದಿಲ್ಲಿಗೆ ಹೋಗಿ ವಾರವಾಗಿತ್ತು.

"ಮ್ಯಾಲಿನಾಕಿ ಛಲೋ ಇಲ್ಲ ಬೇ. ರಾತ್ರಿ ಪೂರಾ ಅಡ್ಡಾಡತಾಳ. ನನ್ನ ತಲಿ ಮ್ಯಾಲ ಧಬ್ ಧಬ್ ಅಂತದ. ಏನಾಗ್ಯಾದ ಯವ್ವಾ ಅಂತ ಕೇಳಿದ್ರ ಖಬರ್ ಇಲ್ಲ, ಖಬರ್ ಇಲ್ಲ ಅಂತಾಳ. ಫಿಟ್ಸ್ ಏನರ ಬರ್ತಾವೇನ ನೋಡು."

"ಬಿದ್ದದ್ದು ನೀ ನೋಡೀಯೇನು?"

"ನಾ ಎಲ್ಲಿ ನೋಡ್ಲಿ? ಮ್ಯಾಲ ಹತ್ತಾಕ ನನ್ನ ಮೊಣಕಾಲು ಬಿಡಬೇಕಲ್ಲ! ನಿಮ್ಮ ದವಾಖಾನಿಗೆ ಕರಕೊಂಡು ಬರ್ತೀನಿ ನಾಳೆ. ನೀನ ಕೇಳು."

ನಮ್ಮ ಕಡೆ ಖಬರ್ ಅಂದರೆ ಎಚ್ಚರ, ಅರಿವು. ಖಬರಿಲ್ಲದೆ ಮಲಗಿದ್ದ ಅಂದರೆ ಎಚ್ಚರ ತಪ್ಪಿ ಬಿದ್ದಿದ್ದ ಎಂದು. ಮೂರ್ಛೆ ರೋಗಿಗಳನ್ನು ಕೇಳಲೇಬೇಕಾದ ಮೊದಲ ಪ್ರಶ್ನೆಯೂ ಅದೇ. ಬಿದ್ದಾಗ ಖಬರ್ ಇರ್ತದೇನು, ಎಷ್ಟು ಹೊತ್ತಿಗೆ ಖಬರ್ ಬರ್ತದ. ಸೋಮವಾರ ಒಂದರಲ್ಲೇ ನಾನು ಈ ಪ್ರಶ್ನೆಯನ್ನು ಎಷ್ಟು ಜನರಿಗೆ ಕೇಳಿರುತ್ತೇನೋ. ಹಿಂದಿಯಲ್ಲಿ ಆ ಪದಕ್ಕೆ ಬೇರೆ ಅರ್ಥವಿದೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ, ಟಿವಿಯಲ್ಲಿ ದಿನಾ ಕೇಳುತ್ತೇನೆ. ಆದರೆ ಶಿಬಿರದ ಮೇಜಿನ ಹಿಂದೆ ಕುಳಿತವಳ ಕಿವಿಗೆ ಒಂದೇ ಅರ್ಥ ಉಳಿದಿರುತ್ತದೆ.

ಅವರು ಬಂದರು. ಕಂದು ಶಾಲು, ಕೈಯಲ್ಲಿ ಪಾಸ್‌ಪೋರ್ಟು, ಇನ್ನೊಂದಿಷ್ಟು ಕಾಗದಗಳ ಪ್ಲಾಸ್ಟಿಕ್ ಚೀಲ. ಮುಂದಿದ್ದ ಮೂರು ಜನರಿಗೆ ನಾನು ಕೇಳಿದ್ದನ್ನೆಲ್ಲ ಗಮನವಿಟ್ಟು ಕೇಳಿಸಿಕೊಂಡರು. ಅವರ ಪಾಳಿ ಬಂದಾಗ ನಾನು ನಿಧಾನವಾಗಿ ಕೇಳಿದೆ.

"ಖಬರ್ ಇರಲ್ಲೇನ್ರಿ?"

ಅವರ ಕಣ್ಣು ತುಂಬಿತು. "ಖಬರ್ ನೇಸ್ತ್. ನಹೀಂ, ಬೇಟೀ. ನಹೀಂ."

"ಕಿತನೇ ದಿನ?"

ಎರಡೂ ಕೈಯ ಬೆರಳುಗಳನ್ನು ಬಿಡಿಸಿ ನಾಲ್ಕು ಸಲ ತೋರಿಸಿದರು. ನಲವತ್ತು ದಿನಗಳಿಂದ ಎಚ್ಚರ ತಪ್ಪುತ್ತಿದೆ ಎಂದು ಬರೆದುಕೊಂಡೆ. ಮಗನಿಗೆ ಫೋನ್ ಮಾಡಲೇ ಎಂದು ಸನ್ನೆ ಮಾಡಿದಾಗ ಅವರು ತುಟಿಯ ಮೇಲೆ ಬೆರಳಿಟ್ಟರು. ದಿಲ್ಲಿಯಲ್ಲಿ ಅವನಿಗೆ ಅಷ್ಟು ತಾಪತ್ರಯ ಇರುವಾಗ ಇದೊಂದು ಬೇಡ ಎನ್ನುತ್ತಿದ್ದಾರೆ ಎಂದುಕೊಂಡು ಸುಮ್ಮನಾದೆ.

ಡಾಕ್ಟರು ಅವಸರದವರಲ್ಲ. ಗುಳಿಗೆ ಕೊಡಲಿಲ್ಲ. ಕಲಬುರಗಿಯಲ್ಲಿ ತಲೆಗೆ ತಂತಿ ಹಚ್ಚಿ ಮಾಡುವ ಪರೀಕ್ಷೆಗೆ ಬರೆದುಕೊಟ್ಟು, "ರಿಪೋರ್ಟ್ ಬರಲಿ, ಆಮೇಲೆ ನೋಡೋಣ" ಎಂದರು. ರಿಪೋರ್ಟ್ ಎನ್ನುವ ಪದ ಕೇಳಿ ಅವರು ಎರಡು ಸಲ ತಲೆಯಾಡಿಸಿದರು. ಹೋಗುವಾಗ ಬಾಗಿಲಲ್ಲಿ ನಿಂತು ಬ್ಯಾನರನ್ನು ಬಹಳ ಹೊತ್ತು ಓದಿದರು. ಉರ್ದುವಿನ ಲಿಪಿಯೇ ಅವರದೂ ಎಂದು ನನಗೆ ಹೊಳೆದದ್ದು ಆಗ.

ಮಂಗಳವಾರ ದೊಡ್ಡವ್ವ ಅವರನ್ನು ಕಲಬುರಗಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಳು. ರಿಪೋರ್ಟನ್ನು ಡಾಕ್ಟರಿಗೇ ತಲುಪಿಸುತ್ತೇವೆ ಎಂದು ಅಲ್ಲಿಯವರು ಹೇಳಿದರಂತೆ. ಬುಧವಾರ ಅಫಜಲಪುರದ ಮಹಡಿ ಹತ್ತಿದಾಗ ಬೆಂಚಿನ ತುದಿಯಲ್ಲಿ ಕಂದು ಶಾಲು ಕಂಡಿತು. "ರಿಪೋರ್ಟ್?" ಎಂದರು. ಇನ್ನೂ ಬಂದಿಲ್ಲ ಎಂದೆ. ಎದ್ದು ಹೋಗಲಿಲ್ಲ. ಶಿಬಿರ ಮುಗಿಯುವವರೆಗೂ ಅಲ್ಲೇ ಕುಳಿತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಒಬ್ಬ ಮುದುಕಿಗೆ ನೀರು ತಂದುಕೊಟ್ಟರು. ಒಂದು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡರು.

ಸಂಜೆ ದೊಡ್ಡವ್ವನ ಫೋನ್ ಬಂತು.

"ಕಾಬೂಲಮ್ಮ ಗಾಣಗಾಪುರದ ಕಡೆ ಹೋಗೋ ಬಸ್ ಹತ್ತ್ಯಾಳಂತಲ್ಲ? ಬಾಜೂ ಮನಿಯಾಕಿ ನೋಡ್ಯಾಳ. ದೆವ್ವ ಗಾಳಿ ಬಿಡಿಸ್ಕೊಳ್ಳಾಕ ಗುಡಿಗೆ ಹೋದಳೇನು?"

"ಇಲ್ಲ ದೊಡ್ಡವ್ವ, ನಮ್ಮ ಕಡೆ ಬಂದಿದ್ರು. ಅಫಜಲಪುರಕ್ಕ."

"ಅಫಜಲಪುರದಾಗ ಏನದ ಆಕಿದು? ನಿನ್ನೆ ರಾತ್ರಿ ಸುಮ್ಮ ಮಲಗಿದ್ದಳು ನೋಡು. ಮೊನ್ನೇನೂ ಮಲಗ್ಯಾಳ. ಗುಳಿಗಿ ಭಾಳ ಜೋರ್ ಕೊಟ್ಟಾರ ನಿಮ್ಮ ಡಾಕ್ಟರ್."

ಗುಳಿಗೆಯನ್ನೇ ಕೊಟ್ಟಿರಲಿಲ್ಲ. ಇದು ನನ್ನನ್ನು ಕಾಡತೊಡಗಿತು. ಔಷಧವಿಲ್ಲದೆ ನಿದ್ದೆ ಹೇಗೆ ಬಂತು, ಎರಡು ಊರುಗಳ ಬೆಂಚು ಏಕೆ ಬೇಕು ಎಂದು ಆ ರಾತ್ರಿ ಎರಡು ಸಾಲು ಬರೆದುಕೊಂಡೆ.

ಶುಕ್ರವಾರ ಜೇವರ್ಗಿಯಲ್ಲಿ ನಾನು ಬರುವ ಮೊದಲೇ ಅವರು ಬಂದಿದ್ದರು. ಅಷ್ಟು ಬೇಗ ಬರಬೇಕಾದರೆ ಆಳಂದದಿಂದ ಮೊದಲ ಬಸ್ಸಿಗೇ ಹೊರಟು ಕಲಬುರಗಿಯಲ್ಲಿ ಬಸ್ಸು ಬದಲಿಸಿರಬೇಕು. ಅವರ ಪಕ್ಕದಲ್ಲಿ ಹತ್ತಿರದ ಹಳ್ಳಿಯ ಒಬ್ಬಳು ಹೆಂಗಸು, ಅವಳ ಭುಜಕ್ಕೆ ಒರಗಿದ ಅಪ್ಪ. ಅಪ್ಪನಿಗೆ ಬೆಳಿಗ್ಗೆ ಬಸ್ಸಿನಲ್ಲೇ ಮೂರ್ಛೆ ಬಂದಿತ್ತು. ಕಣ್ಣು ತೆರೆದಿದ್ದ, ಆದರೆ ಯಾರನ್ನೂ ಗುರುತಿಸುತ್ತಿರಲಿಲ್ಲ. ಹೆಸರು ಬರೆದುಕೊಳ್ಳುತ್ತ ನಾನು ಮಾಮೂಲಿ ಪ್ರಶ್ನೆ ಕೇಳಿದೆ.

"ಮುಂಜಾನಿಂದ ಖಬರ್ ಇಲ್ರಿ ಮೇಡಂ" ಎಂದಳು ಮಗಳು. "ಕುಂತಾನ ಅಷ್ಟ. ಖಬರ್ ಬಂದಿಲ್ಲ ಇನ್ನಾ." ಹೇಳುತ್ತಲೇ ಅಳತೊಡಗಿದಳು.

ಕಂದು ಶಾಲಿನ ತಾಯಿ ಅವಳ ಎರಡೂ ಕೈಗಳನ್ನು ಹಿಡಿದುಕೊಂಡರು. "ಆಯೇಗಾ, ಬೇಟೀ. ಖಬರ್ ಆಯೇಗಾ."

"ಹೌದ್ ಯವ್ವಾ, ಬರ್ತದ. ಹೋದ ಸಲಾನೂ ತಾಸಿನ್ಯಾಗ ಬಂತು."

ತಾಯಿ ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ಮೇರಾ ಬೇಟಾ. ಚಾಲೀಸ್ ದಿನ. ಖಬರ್ ನಹೀಂ."

ಮಗಳ ಅಳು ಅಲ್ಲೇ ನಿಂತಿತು. "ಅಯ್ಯ ಶಿವನೇ! ನಲವತ್ತ್ ದಿನ? ಎಲ್ಲಿ ಮಲಗಿಸೀರಿ ಅವನ್ನ? ಬಾಯಾಗ ನೀರರ ಬಿಡ್ತೀರೋ ಇಲ್ಲೋ?" ಸೊಂಟದಿಂದ ಕೀಲಿಕೈ ಗೊಂಚಲು ಬಿಚ್ಚಿ ಅವರ ಅಂಗೈಯಲ್ಲಿಟ್ಟಳು. "ಕೈಯಾಗ ಕಬ್ಬಿಣ ಹಿಡಸ್ರಿ ಯವ್ವಾ. ನಮ್ಮಪ್ಪಗ ನಾವು ಇದನ್ನ ಹಿಡಸ್ತೇವಿ. ಒಯ್ರಿ, ಮುಂದಿನ ಸಲ ಕೊಡೀರಂತ."

ತಾಯಿಗೆ ಏನೂ ತಿಳಿಯಲಿಲ್ಲ. ಆದರೆ ಕೊಟ್ಟದ್ದನ್ನು ಮರ್ಯಾದೆಯಿಂದ ಹಿಡಿದು, ಮುತ್ತಿಟ್ಟು, ಕಣ್ಣಿಗೊತ್ತಿಕೊಂಡರು.

ನನ್ನ ಪೆನ್ನು ನಿಂತದ್ದು ಆಗ. ಖಬರ್ ಇಲ್ಲದ್ದು ಇವರಿಗಲ್ಲ, ಮಗನದು. ಹಿರಿಮಗನ ಸುದ್ದಿ ದಿನಾ ಬರುತ್ತದೆ. ಹಾಗಾದರೆ ಕಿರಿಯವನು. ನಾನು ಸೋಮವಾರ ಕೇಳಿದ್ದು ಎಚ್ಚರದ ವಿಷಯ, ಅವರು ಉತ್ತರಿಸಿದ್ದು ಸುದ್ದಿಯ ವಿಷಯ.

ಊಟದ ಹಾಲ್‌ನ ಹಿಂದೆ ನೀರಿನ ಟ್ಯಾಂಕಿನ ಹತ್ತಿರ ನಿಂತು ಹಿರಿಮಗನಿಗೆ ಫೋನ್ ಮಾಡಿದೆ. ಅವನು ಹಿಂದಿ, ಇಂಗ್ಲಿಷ್ ಬೆರೆಸಿ ಮಾತಾಡುತ್ತಾನೆ. ಕಿರಿಯವನು ಕೆಲವು ಹುಡುಗರ ಜೊತೆ ಕಾಲ್ನಡಿಗೆಯಲ್ಲಿ ಇರಾನಿನ ಗಡಿ ದಾಟಲು ಹೋದವನು, ಗಡಿಯ ಹತ್ತಿರದಿಂದ ಒಂದು ಧ್ವನಿ ಸಂದೇಶ ಕಳಿಸಿದ್ದ, ಆಮೇಲೆ ಏನೂ ಇಲ್ಲ ಎಂದ. ಅಮ್ಮ ನಿಮ್ಮ ಹತ್ತಿರ ಏಕೆ ಬಂದಿದ್ದಾರೆ ಎಂದು ಕೇಳಿದ. ತಲೆಯ ಪರೀಕ್ಷೆಯ ವಿಷಯ ಹೇಳಿದಾಗ ಸಿಟ್ಟಾದ. ಸಿಟ್ಟು ಸರಿಯಾದದ್ದೇ ಆಗಿತ್ತು. ನಾನು ಆದದ್ದನ್ನು ಆದ ಹಾಗೆ ಹೇಳಿದೆ. ನಂತರ ತಾಯಿಯನ್ನು ಕರೆದು ಫೋನಿನ ಸ್ಪೀಕರ್ ಹಾಕಿದೆ. ಮಗ ಅವರ ಭಾಷೆಯಲ್ಲಿ ಹೇಳಿದ, ಇದು ಆಸ್ಪತ್ರೆ, ಇವರು ಕಳೆದುಹೋದವರನ್ನು ಹುಡುಕುವವರಲ್ಲ.

ತಾಯಿ ಒಂದು ಪ್ರಶ್ನೆ ಕೇಳಿದರು. ಮಗ ಅದನ್ನು ನನಗೆ ದಾಟಿಸಿದ.

"ಮತ್ತೆ ತಲೆಗೆ ತಂತಿ ಕಟ್ಟಿ ನೋಡಿದ್ದು ಏನನ್ನು ಅಂತ ಕೇಳ್ತಿದ್ದಾರೆ."

ಅವನೇ ವಿವರಿಸಿದ. ಊರು ಬಿಟ್ಟಾಗಿನಿಂದ ಅವರು ಹೋದ ಪ್ರತಿ ಕಚೇರಿಯಲ್ಲೂ ಏನಾದರೊಂದು ತೆಗೆದುಕೊಂಡಿದ್ದಾರೆ. ಒಂದು ಕಡೆ ಹತ್ತು ಬೆರಳಿನ ಗುರುತು, ಒಂದು ಕಡೆ ಕಣ್ಣಿನ ಫೋಟೋ, ಇನ್ನೊಂದು ಕಡೆ ಎಂಜಲು, ರಕ್ತ. ಈ ದೇಶದಲ್ಲಿ ತಲೆಯನ್ನು ನೋಡುತ್ತಾರೆ ಎಂದುಕೊಂಡು ಅಮ್ಮ ತಲೆ ಕೊಟ್ಟಿದ್ದಾರೆ. ಹೇಳುತ್ತ ಹೇಳುತ್ತ ಅವನು ನಕ್ಕುಬಿಟ್ಟ. ತಾಯಿಯೂ ಒಂದು ಕ್ಷಣ ನಕ್ಕರು. ಆಮೇಲೆ ಅವರು ಒಳಗಿನ ಬೆಂಚುಗಳ ಕಡೆ ಕೈ ತೋರಿಸಿ ಇನ್ನೊಂದು ಮಾತು ಕೇಳಿದರು. ಮಗ ಅದನ್ನೂ ದಾಟಿಸಿದ.

"ಈ ಜನರೆಲ್ಲ? ಇವರ ಮಕ್ಕಳು ಯಾರೂ ಕಳೆದಿಲ್ಲವಾ ಅಂತ."

ಅವರ ಕಿವಿಯಿಂದ ಆ ಮೂರು ದಿನಗಳನ್ನು ಕೇಳಿಸಿಕೊಳ್ಳಲು ಪ್ರಯತ್ನಿಸಿದೆ. ಮೇಜಿನ ಹಿಂದೆ ಕುಳಿತವಳು ಬಂದ ಬಂದವರನ್ನೆಲ್ಲ ಕೇಳುತ್ತಾಳೆ, ಖಬರ್ ಇದೆಯಾ. ಬಂದವರೆಲ್ಲ ತಲೆ ತಗ್ಗಿಸಿ ಹೇಳುತ್ತಾರೆ, ಇಲ್ಲ. ಆಳಂದದಲ್ಲಿ ಇಲ್ಲ, ಅಫಜಲಪುರದಲ್ಲಿ ಇಲ್ಲ, ಜೇವರ್ಗಿಯಲ್ಲೂ ಇಲ್ಲ. ಒಂದು ಇಡೀ ಸೀಮೆಯ ಜನ ತಮ್ಮ ಹಾಗೆಯೇ ಯಾರದೋ ಸುದ್ದಿಗಾಗಿ ಸಾಲಿನಲ್ಲಿ ಕುಳಿತಿದ್ದಾರೆ. ಅವರಿಗೆ ನಿದ್ದೆ ಬಂದದ್ದು ಮಗ ಸಿಗುತ್ತಾನೆ ಎಂಬ ಆಸೆಯಿಂದ ಮಾತ್ರ ಅಲ್ಲ, ಈ ಸಾಲಿನಿಂದಲೂ ಇರಬೇಕು ಎಂದು ನನಗೆ ಅನಿಸಿದ್ದು ಆಗಲೇ. ಈಗ ನಾನು ಎರಡನ್ನೂ ಒಟ್ಟಿಗೆ ಕಿತ್ತುಕೊಂಡಿದ್ದೆ.

ಅವರು ನಲ್ಲಿಯಲ್ಲಿ ಮುಖ ತೊಳೆದುಕೊಂಡರು. ಬಸ್‌ಸ್ಟ್ಯಾಂಡಿಗೆ ಹೋಗಬಹುದು ಎಂದುಕೊಂಡೆ. ಅವರು ಒಳಗೆ ಹೋಗಿ ಅದೇ ಬೆಂಚಿನಲ್ಲಿ ಅದೇ ಮಗಳ ಪಕ್ಕ ಕುಳಿತರು. ಅಷ್ಟರಲ್ಲಿ ಅಪ್ಪನಿಗೆ ಎಚ್ಚರ ಬಂದು, "ನನ್ನ ಚಪ್ಪಲಿ ಯಾರ ಒಯ್ದ್ರು?" ಎಂದು ಜಗಳ ತೆಗೆದಿದ್ದ. ಬಸ್ಸಿನಲ್ಲಿ ಬಿದ್ದಾಗಲೇ ಚಪ್ಪಲಿ ಎಲ್ಲೋ ಹೋಗಿತ್ತು. ಮಗಳು ನಗುತ್ತಿದ್ದಳು. ತಾಯಿ ಕೀಲಿಕೈ ಗೊಂಚಲನ್ನು ಅವಳಿಗೆ ಹಿಂತಿರುಗಿಸಿ, ಆ ಮುದುಕನ ಮುಖವನ್ನೇ ನೋಡುತ್ತ ಕುಳಿತರು.

ಮಧ್ಯಾಹ್ನ ರಿಪೋರ್ಟ್ ಬಂತು. ಏನೂ ತೊಂದರೆ ಇಲ್ಲ ಎಂದಿತ್ತು. ಡಾಕ್ಟರಿಗೆ ನಾನು ಎಲ್ಲವನ್ನೂ ಹೇಳಿದೆ. ಅವರು ಮೊದಲು ನನ್ನನ್ನು ನೋಡಿದರು, ಆಮೇಲೆ ಹಾಳೆಯ ಮೇಲಿನ ಅಲೆ ಗೆರೆಗಳನ್ನು ನೋಡಿದರು.

"ಹಂಗಾರ ಪೇಶಂಟ್ ಅಲ್ಲ. ಯಾಕ ಕುಂಡ್ರಸೀರಿ ಮತ್ತ?"

"ಕುಂದ್ರಲಿ ಸರ್. ಇಲ್ಲಿ ಕುಂತ್ರ ರಾತ್ರಿ ಮಲಗ್ತಾರಂತ."

"ಬೆಂಚ್ ನಮ್ಮ ಗುಳಿಗಿಗಿಂತ ಸಸ್ತಾ ಅದ, ಬಿಡ್ರಿ. ಆದ್ರ ಕಣ್ಣಿಡ್ರಿ. ಮಲಗೂದು ನಿಂತ್ರ ನನಗ ಹೇಳ್ರಿ."

ಹೀಗೆ ಆ ತಾಯಿ ನಮ್ಮ ಬೆಂಚಿಗೆ ಖಾಯಂ ಆದರು. ಆಳಂದದಲ್ಲಿ ಪ್ರತಿ ಸೋಮವಾರ, ಜೇವರ್ಗಿಯಲ್ಲಿ ಸಾಧ್ಯವಾದ ಶುಕ್ರವಾರ. ಯುದ್ಧದಲ್ಲಿ ಕಳೆದುಹೋದವರನ್ನು ಹುಡುಕಿಕೊಡುವ ಏರ್ಪಾಡೊಂದು ನಿಜವಾಗಿಯೂ ಇದೆಯೆಂದು ಡಾಕ್ಟರೇ ತಿಳಿಸಿದ ಮೇಲೆ ಹಿರಿಮಗ ದಿಲ್ಲಿಯಲ್ಲಿ ತಮ್ಮನ ಹೆಸರು, ಫೋಟೋ ಕೊಟ್ಟು ಬಂದ. ಉತ್ತರಕ್ಕೆ ವರ್ಷವೂ ಹಿಡಿಯಬಹುದು ಎಂದಿದ್ದರು. ಬೆಂಚಿನ ಹೆಂಗಸರಿಗೆ ಇವರ ಕತೆ ಎರಡೇ ವಾರದಲ್ಲಿ ಗೊತ್ತಾಯಿತು. "ಮಗ ಸಿಕ್ಕನೇನ್ ಯವ್ವಾ?" ಎಂದು ಕೇಳದೆ ಯಾರೂ ಕೂರುತ್ತಿರಲಿಲ್ಲ. ಇವರೂ ಎರಡು ಮಾತು ಕಲಿತರು. "ಗುಳಿಗಿ ತಗೊಂಡಿ?" ಎಂದು ಎಲ್ಲರನ್ನೂ ಕೇಳುವರು, ತಲೆ ತಗ್ಗಿಸಿದವರಿಗೆ ತಮ್ಮ ಭಾಷೆಯಲ್ಲೇ ಬೈಯುವರು. ನನ್ನ ಹತ್ತಿರ ಸುಳ್ಳು ಹೇಳುತ್ತಿದ್ದವರು ಅವರ ಹತ್ತಿರ ಹೇಳುತ್ತಿರಲಿಲ್ಲ.

ಆ ಎರಡು ತಿಂಗಳು ನನ್ನ ಕಿವಿ ಬೇರೆ ರೀತಿಯಲ್ಲಿ ಕೆಲಸ ಮಾಡಿತು. ಹಿರಿಮಗ ಆಳಂದಕ್ಕೆ ಮರಳಿದ ಮೇಲೆ ಅವನನ್ನು ಕೂರಿಸಿಕೊಂಡು ನಾನು ದಿನಾ ಬಳಸುವ ಮಾತುಗಳನ್ನು ಒಂದೊಂದಾಗಿ ಕೇಳಿದೆ. ನಾವು ಯಾರು ಎದುರಾದರೂ ಆರಾಮ ಅದೀರಿ ಎನ್ನುತ್ತೇವಲ್ಲ, ಅವರಲ್ಲಿ ಆರಾಮ್ ಅಂದರೆ ಶಾಂತ, ಸುಮ್ಮನಿರುವುದು. ಓಣಿಯ ಜನರೆಲ್ಲ ತನಗೆ ಸುಮ್ಮನಿರು ಎಂದು ಏಕೆ ಹೇಳುತ್ತಾರೆ, ನಾನು ಗದ್ದಲ ಮಾಡಿದೆನಾ ಎಂದು ಅಮ್ಮ ಮೊದಲ ತಿಂಗಳಲ್ಲಿ ಕೇಳಿದ್ದರಂತೆ. ಫಿಕೀರ ಮಾಡಬ್ಯಾಡ್ರಿ ಎಂಬ ನನ್ನ ಸಮಾಧಾನದ ಮಾತು ಇನ್ನೂ ಕೆಟ್ಟದ್ದು. ಅವರಿಗೆ ಫಿಕ್ರ್ ಅಂದರೆ ಯೋಚನೆ. ಮಗನನ್ನು ನೆನೆಯಬೇಡಿ ಎಂದು ನಾನು ವಾರವಾರವೂ ಹೇಳುತ್ತಿದ್ದ ಹಾಗಾಯಿತು.

"ಅದಕ್ಕೆ ಅಮ್ಮ ಏನಂತಿದ್ದರು?" ಎಂದು ಕೇಳಿದೆ.

"ಒಳ್ಳೆ ಹುಡುಗಿ, ಇನ್ನೂ ಮಕ್ಕಳಾಗಿಲ್ಲ ಅಂತಿದ್ದರು" ಎಂದ.

ಮಾರ್ಚ್ ಕೊನೆಯ ಗುರುವಾರ ದೊಡ್ಡವ್ವ ಫೋನಿನಲ್ಲೇ ಕೂಗಿದಳು. "ಸುದ್ದಿ ಬಂತು ಬೇ! ಹುಡುಗ ಅದಾನಂತ!" ಜೊತೆಗೆ ಹೋಗಿದ್ದ ಹುಡುಗನೊಬ್ಬ ಹೇಗೋ ಹೊರಬಂದು ಅಣ್ಣನಿಗೆ ಸಂದೇಶ ಕಳಿಸಿದ್ದ. ಕಿರಿಯವನು ಗಡಿಯ ಆಚೆ ಒಂದು ಬಂದೀಖಾನೆಯಲ್ಲಿದ್ದಾನೆ. ಕಾಲಿಗೆ ಪೆಟ್ಟಾಗಿದೆ. ವಾಪಸು ಕಳಿಸುತ್ತಾರೋ ಅಲ್ಲೇ ಇಡುತ್ತಾರೋ ಗೊತ್ತಿಲ್ಲ. ಜೀವಂತ ಇದ್ದಾನೆ.

ಮರುದಿನ ಅವರು ಜೇವರ್ಗಿಗೆ ಬಂದರು. ಆಳಂದದ ಅಂಗಡಿಯಿಂದ ಎರಡು ಕಿಲೋ ಬತ್ತಾಸು ತಂದಿದ್ದರು. ಅವರ ಕಡೆ ಇಂಥ ದಿನ ಹಂಚುವ ಬಿಳಿಯ ಸಿಹಿಗೆ ಹತ್ತಿರದ್ದು ಇಲ್ಲಿ ಅದೇ ಸಿಕ್ಕಿತಂತೆ. ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಒಬ್ಬರನ್ನೂ ಬಿಡದೆ ಕೊಟ್ಟರು. ಚಪ್ಪಲಿಯ ಮುದುಕನ ಮಗಳು ಅವರನ್ನು ತಬ್ಬಿಕೊಂಡು, "ನಾ ಹೇಳಿರಲಿಲ್ಲೇನ್ ಯವ್ವಾ, ಬರ್ತದ ಅಂತ?" ಎಂದಳು. ಡಾಕ್ಟರು ಮೂರು ತಿಂದರು. ಆ ಪುಟದಲ್ಲಿ ನಾನು ದೊಡ್ಡ ಅಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಸೋಮವಾರ ಅವರು ಬರಲಿಲ್ಲ. ಮುಂದಿನ ಸೋಮವಾರವೂ ಇಲ್ಲ.

"ಸುದ್ದಿ ಬಂದ ಮ್ಯಾಲ ಛಲೋ ಆಗಬೇಕಿತ್ತಲ್ಲ?" ಎಂದಳು ದೊಡ್ಡವ್ವ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಮತ್ತ ಅಡ್ಡಾಡಾಕತ್ತಾಳ. ಮಗ ಓದಾಕ ಹೋದ ಮ್ಯಾಲ ಬಾಗಲಾ ತೆಗಿಯೂದಿಲ್ಲ. ಮೆಟ್ಟಿಲ ಮ್ಯಾಲಿನ ಹಾಲು ಹಂಗ ಕೆಟ್ಟು ಹೋಗ್ತದ. ನಿಮಗೇನರ ತಿಳೀತದೇನು ಇದು?"

ಸುದ್ದಿಯಿಲ್ಲದ ದಿನಗಳಲ್ಲಿ ನಿದ್ದೆ ಮಾಡಿದವರು ಸುದ್ದಿ ಬಂದ ಮೇಲೆ ಏಕೆ ಎಚ್ಚರವಿದ್ದಾರೆ? ಡಾಕ್ಟರನ್ನು ಕೇಳಿದೆ. ಹೀಗೆ ಆಗುವುದುಂಟು ಎಂದರು. ಎಲ್ಲಿದ್ದಾನೋ ಗೊತ್ತಿಲ್ಲದವರೆಗೆ ಮಗ ಎಲ್ಲಿ ಬೇಕಾದರೂ ಇರಬಹುದಿತ್ತು, ಯಾರದೋ ತೋಟದಲ್ಲಿ ಕೆಲಸ ಮಾಡುತ್ತಿರಬಹುದಿತ್ತು. ಈಗ ಅವನಿರುವ ಜಾಗಕ್ಕೆ ಕಬ್ಬಿಣದ ಬಾಗಿಲಿದೆ. ಅಂಥ ಬಾಗಿಲನ್ನು ಅಮ್ಮ ಮೊದಲೇ ನೋಡಿದ್ದಾರಾ ಎಂದು ನಾನು ಹಿರಿಮಗನನ್ನು ಕೇಳಿದಾಗ ಅವನು ಬೇರೆ ಕಡೆ ನೋಡಿದ. "ಅಪ್ಪನ ವಿಷಯ ನಾವು ಮನೆಯಲ್ಲಿ ಮಾತಾಡುವುದಿಲ್ಲ" ಎಂದಷ್ಟೇ ಹೇಳಿದ.

"ಈಗ ನಾವು ನೋಡಬೇಕಾದದ್ದು ಅದ" ಎಂದರು ಡಾಕ್ಟರು. ಗುಳಿಗೆ ಬರೆದರು. ಹೈದರಾಬಾದಿನಲ್ಲಿ ದರಿ ಬಲ್ಲ ಒಬ್ಬ ಹೆಂಗಸನ್ನು ಹುಡುಕಿ, ಫೋನಿನಲ್ಲಿ ಮಾತು ದಾಟಿಸಲು ಒಪ್ಪಿಸಿದರು. ನಾನು ದೊಡ್ಡವ್ವನ ಮನೆಯ ಮೆಟ್ಟಿಲು ಹತ್ತಿ, ಮುಚ್ಚಿದ ಬಾಗಿಲ ಹೊರಗೆ ಕುಳಿತು, ಶುಕ್ರವಾರ ಜೇವರ್ಗಿ ಎಂದು ಹಿಂದಿಯಲ್ಲಿ ಹೇಳಿ ಬಂದೆ. ಫಿಕೀರದ ಮಾತು ಆಡಲಿಲ್ಲ.

ಏಪ್ರಿಲ್ ಎರಡನೇ ಶುಕ್ರವಾರ ಬಂದರು. ಬಿಸಿಲಿಗೆ ಮಂಟಪದ ಚಾವಣಿಯ ತಗಡು ಕಾದು ಟಕ್ ಟಕ್ ಎನ್ನುತ್ತಿತ್ತು. ಬೆಂಚಿನವರು ಜಾಗ ಬಿಟ್ಟರೂ ಕೂರಲಿಲ್ಲ. ನೇರವಾಗಿ ನನ್ನ ಮೇಜಿನ ಎದುರಿಗೆ, ರೋಗಿಗಳ ಕುರ್ಚಿಯಲ್ಲಿ ಕುಳಿತರು. ನಾನು ಅವರನ್ನು ಹಿಂದಿನ ಸಾಮಾನಿನ ಕೋಣೆಗೆ ಕರೆದುಕೊಂಡು ಹೋದೆ. ದೊಡ್ಡ ಪಾತ್ರೆಗಳ ನಡುವೆ ಎರಡು ಕುರ್ಚಿ ಹಾಕಿ ಹೈದರಾಬಾದಿಗೆ ಫೋನ್ ಹಚ್ಚಲು ಹೋದಾಗ ಅವರು ನನ್ನ ಕೈ ಹಿಡಿದು ಫೋನನ್ನು ಮಗುಚಿ ಇಟ್ಟರು. ಇನ್ನೊಬ್ಬರು ಕೇಳುವುದು ಬೇಡ. ಇವತ್ತು ಬೇಡ.

ಆಮೇಲೆ ಮಾತಾಡತೊಡಗಿದರು. ಅವರ ಭಾಷೆಯಲ್ಲಿ, ನಿಧಾನವಾಗಿ, ನನಗೆ ಎಲ್ಲವೂ ತಿಳಿಯುತ್ತದೆ ಎಂಬಂತೆ. ದರವಾಜ ಎಂದರು. ಜಮೀನ್ ಎಂದರು. ಒಮ್ಮೆ ನೆಲದಿಂದ ಮೊಣಕಾಲಿನ ಎತ್ತರಕ್ಕೆ ಕೈ ಹಿಡಿದು ಒಂದು ಮಗುವಿನ ಅಳತೆ ತೋರಿಸಿದರು. ಅದು ಹಿರಿಯವನೋ ಕಿರಿಯವನೋ, ನನಗೆ ಗೊತ್ತಿಲ್ಲದ ಇನ್ನೊಂದು ಮಗುವೋ ತಿಳಿಯಲಿಲ್ಲ. ಮುಂದಿನ ವಾರ ಆ ಫೋನನ್ನು ಹಚ್ಚಲೇಬೇಕು, ಡಾಕ್ಟರಿಗೆ ಇದನ್ನೆಲ್ಲ ಹೇಗೆ ವಿವರಿಸುವುದು ಎಂದು ನನ್ನ ತಲೆಯಲ್ಲಿ ಓಡುತ್ತಿತ್ತು. ಒಂದು ಕಡೆ ಅವರು ದನಿ ಏರಿಸಿ ನಿಲ್ಲಿಸಿದರು. ಪ್ರಶ್ನೆ ಇರಬೇಕು. ನನ್ನ ಮುಖ ನೋಡುತ್ತ ಕಾದರು.

"ಹೇಳ್ರಿ" ಎಂದೆ.

ಅವರು ಶಾಲಿನಿಂದ ಮುಖ ಒರೆಸಿಕೊಂಡು, ಕುರ್ಚಿಯನ್ನು ಸ್ವಲ್ಪ ಮುಂದಕ್ಕೆಳೆದುಕೊಂಡು, ಮುಂದಿನದನ್ನು ಹೇಳತೊಡಗಿದರು.